ಹನ್ನೊಂದು ಸೆಕೆಂಡು

ಫೆಬ್ರವರಿ 3, ಸೋಮವಾರ

ಊಟದ ತಟ್ಟೆಯ ಮುಂದೆ ಇನ್ನು ಕಾರ್ಖಾನೆಯ ಮಾತು ಬೇಡ ಎಂದು ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗದಿದ್ದರೆ ಬರೆದಿಡಿ, ನನ್ನ ತಲೆ ತಿನ್ನಬೇಡಿ ಅಂತೆ. ಸರಿ, ಬರೆಯುತ್ತೇನೆ. ಪುಸ್ತಕ ತಿರುಗಿ ಮಾತಾಡುವುದಿಲ್ಲ, ಅದೊಂದು ಅನುಕೂಲ.

ಇವತ್ತು ಮ್ಯಾನೇಜರು ಕರೆದರು. ಫ್ರಿಜ್ಜಿನ ಬಾಗಿಲಿಗೆ ಹಾಕುವ ಕೀಲು ಮಾಡುವ ನಮ್ಮ ವಿಭಾಗದಲ್ಲಿ ಈಗ ಒಂದು ಕೀಲಿಗೆ ಹದಿನಾಲ್ಕು ಸೆಕೆಂಡು ಹಿಡಿಯುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಅದು ಹನ್ನೊಂದಾಗಬೇಕು. ಆಗದಿದ್ದರೆ ರೋಬೋ ಬರುತ್ತದೆ. ಅವರ ಫೋನಿನಲ್ಲಿ ಅದರ ವಿಡಿಯೋ ತೋರಿಸಿದರು. ಕಿತ್ತಳೆ ಬಣ್ಣದ ಒಂದು ದೊಡ್ಡ ತೋಳು ತಗಡನ್ನು ಎತ್ತುತ್ತದೆ, ಇಡುತ್ತದೆ, ತೆಗೆಯುತ್ತದೆ. ಬೆವರು ಒರೆಸಿಕೊಳ್ಳುವುದಿಲ್ಲ. ನೀರು ಕುಡಿಯಲು ಹೋಗುವುದಿಲ್ಲ. ವಿಭಾಗದಲ್ಲಿ ಮೂವತ್ತೆರಡು ಹೆಂಗಸರಿದ್ದಾರೆ. "ನಿಮ್ಮಕ್ಕನೂ ಅಲ್ಲೇ ಇದ್ದಾರಲ್ವಾ?" ಎಂದರು, ಫೋನಿನಿಂದ ಕಣ್ಣೆತ್ತದೆ.

ನನ್ನ ಕೆಲಸ ಹೊತ್ತು ಅಳೆಯುವುದು. ಯಾವ ಕೈ ಎಲ್ಲಿಂದ ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತು ಎಂದು ಬರೆದುಕೊಳ್ಳುವುದು. ಹಿಂದಿನಿಂದ ನನ್ನನ್ನು 'ಗಡಿಯಾರ' ಅನ್ನುತ್ತಾರೆ, ಗೊತ್ತು. ಮೊದಲು ಕತ್ತರಿಸುವ, ತೂತು ಹೊಡೆಯುವ, ಬಗ್ಗಿಸುವ, ಪಿನ್ನು ಕೂರಿಸುವ ಯಂತ್ರಗಳು ಒಂದೊಂದು ಮೂಲೆಯಲ್ಲಿದ್ದವು. ಒಂದೊಂದರ ಮುಂದೂ ಮಾಲು ರಾಶಿ ಬೀಳುತ್ತಿತ್ತು. ರಾಶಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವುದೇ ಒಂದು ಕೆಲಸ. ನಾಲ್ಕನ್ನೂ ಕುದುರೆ ಲಾಳದ ಹಾಗೆ ಪಕ್ಕಪಕ್ಕ ತಂದು ನಿಲ್ಲಿಸಿದವನು ನಾನು. ಈಗ ಒಂದು ಕೀಲು ಕೈಯಿಂದ ಕೈಗೆ ಹೋಗುತ್ತದೆ, ರಾಶಿಯಿಲ್ಲ. ಹತ್ತೊಂಬತ್ತು ಇದ್ದದ್ದು ಹದಿನಾಲ್ಕಾಯಿತು. ಆ ವರ್ಷ ನನಗೊಂದು ಗಾಜಿನ ಫಲಕ ಕೊಟ್ಟರು.

ಉಳಿದ ಮೂರನ್ನು ಎಲ್ಲಿಂದ ತರಲಿ?

ಫೆಬ್ರವರಿ 6, ಗುರುವಾರ

ಎರಡು ದಿನ ನಿಂತು ನೋಡಿದೆ. ತಡ ಮಾಡುವುದು ಬಗ್ಗಿಸುವ ಯಂತ್ರ. ಅದಕ್ಕಾಗಿ ಉಳಿದ ಮೂರೂ ಕಾಯುತ್ತವೆ. ತಗಡನ್ನು ಅಚ್ಚಿನೊಳಗೆ ಇಡಬೇಕು, ಆಮೇಲೆ ಆಚೆಗೊಂದು ಈಚೆಗೊಂದು ಇರುವ ಗುಂಡಿಗಳನ್ನು ಎರಡೂ ಅಂಗೈಯಿಂದ ಒಟ್ಟಿಗೆ ಒತ್ತಬೇಕು. ಆಗಲೇ ಮೇಲಿನ ಭಾರ ಇಳಿಯುವುದು. ಕೈಗಳೆರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರುವುದಿಲ್ಲ, ಅದು ಲೆಕ್ಕಾಚಾರ. ಅದರ ಮೇಲೆ ಅಚ್ಚಿನ ಮುಂದೆ ಕಣ್ಣಿಗೆ ಕಾಣದ ಒಂದು ಬೆಳಕಿನ ಪರದೆ ಬೇರೆ. ಕೈ ಅದನ್ನು ದಾಟಿದರೆ ಭಾರ ಇದ್ದಲ್ಲೇ ನಿಲ್ಲುತ್ತದೆ. ಆದರೆ ಎಣ್ಣೆಯ ಹಬೆಯನ್ನೂ ಅದು ಕೈ ಎಂದುಕೊಳ್ಳುತ್ತದೆ. ಪಾಳಿಗೆ ಅರವತ್ತು ಸಲ ಸುಮ್ಮಸುಮ್ಮನೆ ನಿಲ್ಲುತ್ತದೆ.

ಇಂಥ ಸಾಲುಗಳು ನಮ್ಮಲ್ಲಿ ನಾಲ್ಕಿವೆ. ಮೊದಲ ಸಾಲಿನಲ್ಲಿ ಆ ಯಂತ್ರದ ಮುಂದೆ ಇರುವವಳು ಅಕ್ಕ. ಅಮ್ಮ ಹೋದ ವರ್ಷ ಇಲ್ಲಿ ಕೆಲಸಕ್ಕೆ ಸೇರಿದಳು. ಆಗ ಅವಳಿಗೆ ಇಪ್ಪತ್ತನಾಲ್ಕು, ನಾನು ಎಂಟನೇ ಕ್ಲಾಸು. ಅವಳು ಎರಡೆರಡು ಪಾಳಿ ನಿಂತದ್ದರಿಂದ ನನ್ನ ಡಿಪ್ಲೊಮಾ ಆಯಿತು. ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆನೇನೋ.

ಫೆಬ್ರವರಿ 19, ಬುಧವಾರ

ಅಕ್ಕನ ಕೆಲಸವನ್ನು ಅಳೆದೆ.

ಅಳೆಯುವವನು ಬಂದು ನಿಂತರೆ ಜನ ಕೈ ನಿಧಾನ ಮಾಡುತ್ತಾರೆ, ಎಲ್ಲಾ ಕಡೆಯೂ ಹಾಗೇ. ನಾವು ಅದಕ್ಕೆ ತಕ್ಕಂತೆ ಕಳೆದು ಬರೆಯುತ್ತೇವೆ. ಅಕ್ಕ ಉಲ್ಟಾ ಮಾಡಿದಳು. ನಾನು ಗಡಿಯಾರ ಒತ್ತಿದ್ದೇ ತಡ, ಮೈಯೆಲ್ಲಾ ಕೈಯಾದಳು. ಹನ್ನೆರಡು ಪಾಯಿಂಟ್ ಆರು. ಇಡೀ ದಿನ ಹೀಗೆ ಮಾಡಲು ಆಗುತ್ತದಾ ಎಂದು ಕೇಳಿದೆ.

"ನೀನು ಬರ್ಕೊಳ್ಳೋ. ಉಳಿದಿದ್ದು ನಾನು ನೋಡ್ಕೋತೀನಿ" ಎಂದಳು.

ಹೀಗೆ ಓಡುವವರ ಹೊತ್ತಿಗೆ ಇಷ್ಟು ಸೇರಿಸಿ ಬರೆಯಬೇಕೆಂಬ ನಿಯಮವಿದೆ. ನಾನು ಸೇರಿಸಲಿಲ್ಲ. ಸಂಜೆ ಬೋರ್ಡಿನ ಮೇಲೆ ಇನ್ನು ಎಲ್ಲರ ಗುರಿಯೂ ಹನ್ನೆರಡು ಪಾಯಿಂಟ್ ಆರು ಎಂದು ಹಾಕಿದೆ.

ಫೆಬ್ರವರಿ 27, ಗುರುವಾರ

ಟೀ ಹೊತ್ತಿನಲ್ಲಿ ಹೆಂಗಸರು ಅಕ್ಕನ ಪಕ್ಕ ಕೂರುತ್ತಿಲ್ಲ. ಅವಳು ನಲ್ಲಿಯ ಹತ್ತಿರ ಒಬ್ಬಳೇ ನಿಂತು ಕುಡಿಯುತ್ತಿದ್ದಳು. ಕೆಲಸ ಹೋಗದ ಹಾಗೆ ನೋಡಿಕೊಳ್ಳುತ್ತಿರುವುದು ಯಾರು ಎಂದು ಆಮೇಲೆ ಇವರಿಗೇ ಗೊತ್ತಾಗುತ್ತದೆ.

ಮಾರ್ಚ್ 4, ಮಂಗಳವಾರ

ಕೈ ಗುಂಡಿಯ ಬದಲು ಕಾಲಿನ ಪೆಡಲು. ಯಂತ್ರದ ಪೆಟ್ಟಿಗೆಯಲ್ಲೇ ಒಂದು ಕೀಲಿಕೈ ಇದೆ, ಈ ಕಡೆ ತಿರುಗಿಸಿದರೆ ಕೈ, ಆ ಕಡೆ ತಿರುಗಿಸಿದರೆ ಕಾಲು. ಕಾಲು ಒತ್ತುವ ಹೊತ್ತಿಗೆ ಕೈ ಮುಂದಿನ ತಗಡಿಗೆ ಹೋಗಿರುತ್ತದೆ. ಹನ್ನೊಂದು ಪಾಯಿಂಟ್ ಏಳು! ಪೆಡಲು ಬಂದಮೇಲೆ ಕೈಯನ್ನು ಕಾಪಾಡುವುದು ಬೆಳಕಿನ ಪರದೆ ಒಂದೇ. ಅದು ಇವತ್ತು ಅರವತ್ತಮೂರು ಸಲ ನಿಲ್ಲಿಸಿತು, ಒಂದು ಸಲವೂ ನಿಜವಾದ ಕೈ ಅಲ್ಲ.

ಮಾರ್ಚ್ 5, ಬುಧವಾರ

ನಮ್ಮ ಎಲೆಕ್ಟ್ರಿಷಿಯನ್ ಜೊತೆ ನನಗೆ ಹದಿನೈದು ವರ್ಷದ ಒಡನಾಟ. 'ಗಡಿಯಾರ' ಎಂದು ನನ್ನ ಮುಖಕ್ಕೇ ಹೇಳಿ ನಗುವವನು ಅವನೊಬ್ಬನೇ. ಪರದೆ ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತದೆ, ನೋಡು, ಸ್ವಲ್ಪ ದಿನ ಅದನ್ನು ಸುಮ್ಮನಿರಿಸು ಎಂದೆ.

"ಬರ್ದು ಕೊಡ್ತೀರಾ ಸಾರ್?" ಎಂದ, ನಗುತ್ತಲೇ.

"ಬರೆಯೋವಷ್ಟು ದೊಡ್ಡದಲ್ಲ ಇದು. ಟ್ರಯಲ್ಲು. ಒಂದು ವಾರ ಅಷ್ಟೇ."

ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಪೆಟ್ಟಿಗೆ ತೆರೆದು ಬೆರಳುದ್ದದ ಒಂದು ತಂತಿ ಸಿಕ್ಕಿಸಿದ. ಪರದೆಯ ದೀಪ ಉರಿಯುತ್ತಲೇ ಇರುತ್ತದೆ, ಯಂತ್ರಕ್ಕೆ ಮಾತ್ರ ಅದರ ಮಾತು ಕೇಳಿಸುವುದಿಲ್ಲ. ನಾಲ್ಕು ಸಾಲಿಗೂ ಹಾಗೇ ಮಾಡಿಸಿದೆ.

ಹತ್ತು ಪಾಯಿಂಟ್ ಒಂಬತ್ತು. ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದರು. ಹೇಗಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾರ್ಚ್ 23, ಭಾನುವಾರ

ಅಕ್ಕ ಊಟಕ್ಕೆ ಬಂದಿದ್ದಳು. ಊಟವಾದಮೇಲೆ ಮಾತಿನ ನಡುವೆಯೇ ಸೋಫಾದಲ್ಲಿ ನಿದ್ದೆಹೋದಳು. ಹೆಂಡತಿ ನನ್ನನ್ನು ಕೈಸನ್ನೆ ಮಾಡಿ ಕರೆದಳು. ನಿದ್ದೆಯಲ್ಲೂ ಅಕ್ಕನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಹೆಂಡತಿಗೆ ಮೊದಲು ನಗು ಬಂತು. ಸ್ವಲ್ಪ ಹೊತ್ತು ನೋಡಿದಮೇಲೆ ನಗು ನಿಂತುಹೋಯಿತು. ಒಂದು ಹೊದಿಕೆ ತಂದು ಅವಳ ಕಾಲಿನ ಮೇಲೆ ಹಾಕಿದಳು.

ಒಂದು ವಾರ ಎಂದದ್ದು ಮೂರು ವಾರವಾಗುತ್ತಾ ಬಂತು. ಎಲೆಕ್ಟ್ರಿಷಿಯನ್ ಎರಡು ಸಲ ನೆನಪಿಸಿದ. ತಿಂಗಳು ಮುಗಿಯಲಿ ಎಂದಿದ್ದೇನೆ.

ಏಪ್ರಿಲ್ 11, ಶುಕ್ರವಾರ

ರೋಬೋದ ಮಾತು ಸದ್ಯಕ್ಕಿಲ್ಲ ಎಂದು ಮ್ಯಾನೇಜರು ಹೆಂಗಸರನ್ನೆಲ್ಲ ಸೇರಿಸಿ ಹೇಳಿದರು. ಎಷ್ಟೋ ದಿನಗಳಮೇಲೆ ಎದೆಯ ಭಾರ ಇಳಿಯಿತು. ಟೀ ಹೊತ್ತಿನಲ್ಲಿ ಅಕ್ಕನ ಸುತ್ತ ಐದಾರು ಜನ ಕೂತಿದ್ದರು. ಯಾರೋ ಅವಳ ತಲೆಗೆ ಮೊಟಕಿದರು, ಅವಳು ನಗುತ್ತಿದ್ದಳು.

ಪಾಳಿ ಮುಗಿದಮೇಲೆ ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. "ಎಲ್ರ ಕೆಲಸ ಉಳೀತಲ್ಲ, ಅಷ್ಟು ಸಾಕು ಕಣೋ. ಇನ್ನಾದ್ರೂ ಆ ಪರದೆ ಹಾಕಿಸ್ಬಿಡು. ನಂಗೆ ಭಯ ಆಗುತ್ತೆ" ಎಂದಳು.

ಅಕ್ಕನ ಬಾಯಲ್ಲಿ ಭಯ ಅನ್ನುವ ಮಾತು ನಾನು ಕೇಳಿದ್ದು ಇದೇ ಮೊದಲು. ಸೋಮವಾರ ಖಂಡಿತ ಎಂದೆ.

ಏಪ್ರಿಲ್ 14, ಸೋಮವಾರ

ಬೆಳಗಿನಿಂದ ಸಂಜೆಯವರೆಗೂ ಮೀಟಿಂಗು. ನಾಳೆ.

ಏಪ್ರಿಲ್ 15, ಮಂಗಳವಾರ

ಹತ್ತು ಇಪ್ಪತ್ತಕ್ಕೆ. ಅಕ್ಕನ ಬಲಗೈ.

ಏಪ್ರಿಲ್ 16, ಬುಧವಾರ

ಮೂರು ಬೆರಳು ಪೂರ್ತಿ ಹೋದವು. ಹೆಬ್ಬೆರಳು ಅರ್ಧ. ಕಿರುಬೆರಳನ್ನು ಉಳಿಸಿದ್ದೇವೆ ಎಂದು ಡಾಕ್ಟರು ಹೇಳಿದರು, ನಾನು ಥ್ಯಾಂಕ್ಸ್ ಎಂದೆ.

ತಗಡು ಅಚ್ಚಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತಂತೆ. ಬಗ್ಗಿ ಅದನ್ನು ಬಿಡಿಸಲು ಹೋಗಿದ್ದಾಳೆ. ಕಾಲು ತಾನಾಗಿಯೇ ಒತ್ತಿದೆ. ಪಕ್ಕದ ಯಂತ್ರದವಳು ಹೇಳಿದಳು, ಅಕ್ಕ ಕಿರುಚಲೇ ಇಲ್ಲವಂತೆ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ತಮ್ಮನ್ನ ಕರೀರಿ ಎಂದಳಂತೆ.

ಮಧ್ಯಾಹ್ನ ಎಚ್ಚರವಾಯಿತು. ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, "ಲೈನ್ ನಿಂತುಹೋಯ್ತೇನೋ?"

ಇದನ್ನೂ ಬರೆಯಬೇಕು, ಇಲ್ಲಿ ಬರೆಯದಿದ್ದರೆ ಇನ್ನೆಲ್ಲೂ ಬರೆಯುವುದಿಲ್ಲ. ನಿನ್ನೆ ಆಂಬ್ಯುಲೆನ್ಸಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಆಗ ನಾನು ಮಾಡಿದ ಮೊದಲ ಫೋನು ಎಲೆಕ್ಟ್ರಿಷಿಯನ್‌ಗೆ. ತಂತಿ ತೆಗೆದುಬಿಡು ಎಂದೆ. ನಾಲ್ಕರದ್ದೂ.

ಏಪ್ರಿಲ್ 18, ಶುಕ್ರವಾರ

ವರದಿ ನಾನೇ ಬರೆಯಬೇಕಂತೆ, ಆ ಸಾಲನ್ನು ನನ್ನಷ್ಟು ಬಲ್ಲವರು ಬೇರೆ ಯಾರೂ ಇಲ್ಲವಂತೆ. ಸರ್ಕಾರದ ಇನ್ಸ್‌ಪೆಕ್ಟರ್ ಬರುತ್ತಾರೆ. ತಪ್ಪು ಯಂತ್ರದ್ದು ಎಂದಾದರೆ ವಿಭಾಗಕ್ಕೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ಮೇಲಿನವರು ರೋಬೋ ಕಳಿಸಿಬಿಡುತ್ತಾರೆ. "ಆದದ್ದು ಆಗಿಹೋಯ್ತು. ಉಳಿದ ಮೂವತ್ತೊಂದು ಜನರ ಮುಖ ನೋಡಿ ಬರೀರಿ" ಎಂದರು ಮ್ಯಾನೇಜರು.

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದು 'ನನ್ನ ಅಕ್ಕ' ಎಂದೇ ಶುರುವಾಗಿತ್ತು. ವರದಿಯಲ್ಲಿ ಸಂಬಂಧ ಬರಬಾರದು, ಆಪರೇಟರ್ ಎಂದು ಹಾಕಿ ಎಂದರು. ಅದೂ ಸರಿಯೇ. ಹಾಗೆ ಹಾಕಿದ ಮೇಲೆ ಮುಂದಿನ ವಾಕ್ಯಗಳು ಸಲೀಸಾಗಿ ಬಂದವು.

ಕೊನೆಗೆ ಉಳಿದದ್ದು: 'ಅಚ್ಚಿನಲ್ಲಿ ಸಿಕ್ಕಿಕೊಂಡ ತಗಡನ್ನು ಚಿಮಟ ಬಳಸದೆ ಬರಿಗೈಯಿಂದ ತೆಗೆಯಲು ಹೋಗಿ, ಅದೇ ವೇಳೆ ಪೆಡಲನ್ನು ಒತ್ತಿದ್ದರಿಂದ ಆಪರೇಟರ್‌ಗೆ ಪೆಟ್ಟಾಗಿರುತ್ತದೆ.' ಇದರಲ್ಲಿ ಸುಳ್ಳು ಅನ್ನುವಂಥ ಒಂದು ಪದವೂ ಇಲ್ಲ.

ಏಪ್ರಿಲ್ 22, ಮಂಗಳವಾರ

ವರದಿಗೆ ಅಕ್ಕನ ಸಹಿ ಬೇಕಿತ್ತು. ಹೆಂಡತಿಯೂ ಆಸ್ಪತ್ರೆಗೆ ಬಂದಿದ್ದಳು. ಅಕ್ಕ ಓದಿ ಹೇಳು ಎಂದಳು. ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು.

"ಪರದೆ ವಿಷಯ ಎಲ್ಲಿದೆ?" ಎಂದಳು.

ಮೂವತ್ತೊಂದು ಜನರ ಮಾತು ಹೇಳಿದೆ. ಒಬ್ಬೊಬ್ಬರ ಮನೆಯ ಕಷ್ಟವನ್ನೂ ಬಿಡಿಸಿ ಹೇಳಿದೆ, ಅವಳಿಗೆ ಅದೇನೂ ಗೊತ್ತೇ ಇಲ್ಲ ಅನ್ನುವ ಹಾಗೆ. ಅಕ್ಕ ಎಡಗೈಯ ಹೆಬ್ಬೆರಳು ಚಾಚಿದಳು. ದಿನಾ ಪೇಪರ್ ಓದುವ ಹೆಂಗಸು, ನನ್ನ ಅರ್ಜಿಗಳನ್ನೆಲ್ಲ ದುಂಡು ಅಕ್ಷರದಲ್ಲಿ ತುಂಬಿದವಳು. ಹೆಬ್ಬೆಟ್ಟು ಒತ್ತಿದಳು. ಶಾಯಿ ಹಾಸಿಗೆಗೆ ತಾಗಿತು. ಹೆಂಡತಿ ಒದ್ದೆ ಬಟ್ಟೆಯಿಂದ ಅಕ್ಕನ ಬೆರಳು ಉಜ್ಜಿ ಉಜ್ಜಿ ತೊಳೆದಳು.

ಊಟದ ತಟ್ಟೆಯ ಮುಂದೆ ಈಗ ಯಾವ ಮಾತೂ ಇಲ್ಲ.

ಮೇ 12, ಸೋಮವಾರ

ಇನ್ಸ್‌ಪೆಕ್ಟರ್ ಬಂದರು. ನಲವತ್ತರ ಹೆಂಗಸು, ಮೆತ್ತಗಿನ ಮಾತು. ನಮ್ಮ ವರದಿಯನ್ನು ಒಂದು ಸಲ ಓದಿ ಬದಿಗಿಟ್ಟು, ಯಂತ್ರದ ಪೆಟ್ಟಿಗೆಗೆ ತಮ್ಮ ಲ್ಯಾಪ್‌ಟಾಪ್ ಜೋಡಿಸಿದರು. ಯಾವ ದಿನ ಎಷ್ಟು ಸಲ ಭಾರ ಇಳಿಯಿತು, ಎಷ್ಟು ಸಲ ನಿಂತಿತು, ಎಲ್ಲವೂ ಅದರೊಳಗೆ ಕೂತಿದೆಯಂತೆ. ಇಷ್ಟು ವರ್ಷ ಆ ಯಂತ್ರವನ್ನು ಅಳೆದಿದ್ದೇನೆ, ಅದೂ ಬರೆದುಕೊಳ್ಳುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ.

"ಮಾರ್ಚ್ ನಾಲ್ಕರವರೆಗೂ ಪಾಳಿಗೆ ಅರವತ್ತು ಸಲ ಪರದೆಯಿಂದ ನಿಂತಿದೆ. ಐದರಿಂದ ನಲವತ್ತೊಂದು ದಿನ ಒಂದು ಸಲವೂ ನಿಂತಿಲ್ಲ. ಆಪರೇಟರ್‌ಗೆ ಪೆಟ್ಟಾಗಿ ಮುಕ್ಕಾಲು ಗಂಟೆಗೆ ಮತ್ತೆ ನಿಲ್ಲೋಕೆ ಶುರುವಾಗಿದೆ. ಯಾಕೆ?" ಎಂದು ಕೇಳಿದರು.

ಮ್ಯಾನೇಜರು ಎಲೆಕ್ಟ್ರಿಷಿಯನ್ ಕಡೆ ನೋಡಿದರು. ಎಲೆಕ್ಟ್ರಿಷಿಯನ್ ನನ್ನ ಕಡೆ ನೋಡಿದ. ನಾನು ಲ್ಯಾಪ್‌ಟಾಪ್ ಕಡೆ ನೋಡಿದೆ.

ಮೇ 27, ಮಂಗಳವಾರ

ಎಲೆಕ್ಟ್ರಿಷಿಯನ್‌ನನ್ನು ಕೆಲಸದಿಂದ ತೆಗೆದರು. ಹೇಳಿದ್ದಕ್ಕೆ ಮಾಡಿದೆ ಎಂದಿದ್ದಾನೆ. ಹೇಳಿದವರು ಬರೆದುಕೊಟ್ಟ ಚೀಟಿ ಎಲ್ಲಿ ಎಂದು ಮ್ಯಾನೇಜರು ಕೇಳಿದ್ದಾರೆ. ಇಲ್ಲ ಎಂದಿದ್ದಾನೆ. ನನ್ನ ಹೆಸರು ಎತ್ತಿದನಂತೆ. ನನ್ನನ್ನು ಕೇಳಿದಾಗ, ಪರದೆ ಸುಮ್ಮಸುಮ್ಮನೆ ಯಂತ್ರ ನಿಲ್ಲಿಸುತ್ತದೆ, ನೋಡು ಎಂದು ಹೇಳಿದ್ದೆ ಎಂದೆ. ಅದೂ ನಿಜವೇ. ಈಗ ಉಳಿದಿರುವುದು ಆಪರೇಟರ್ ಹೇಳಿಕೆ. ಇನ್ಸ್‌ಪೆಕ್ಟರ್ ಮನೆಗೇ ಹೋಗಿ ತೆಗೆದುಕೊಳ್ಳುತ್ತಾರಂತೆ.



ಜೂನ್ 9, ಸೋಮವಾರ

ಹೇಳಿಕೆಯ ಪ್ರತಿ ಬಂತು. 'ಪರದೆ ಕೆಲಸ ಮಾಡುತ್ತಿಲ್ಲ ಎಂದು ನನ್ನ ತಮ್ಮನಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.' ಕೆಳಗೆ ಎಡಗೈಯಲ್ಲಿ ಬರೆದ ಸಹಿ. ಒಂದನೇ ಕ್ಲಾಸಿನ ಮಗುವಿನ ಅಕ್ಷರದ ಹಾಗಿದೆ.

ಆಪರೇಟರ್ ಹೇಳಿಕೆ ಸ್ಪಷ್ಟವಾಗಿರುವುದರಿಂದ ನನ್ನ ಮೇಲಿನ ವಿಚಾರಣೆ ಮುಗಿಯಿತು. ಎರಡು ತಿಂಗಳಮೇಲೆ ಎಂಟು ಗಂಟೆ ನಿದ್ದೆ ಮಾಡಿದೆ.

ಜೂನ್ 22, ಭಾನುವಾರ

ಅಕ್ಕನ ಮನೆಗೆ ಹೋದೆ. ಎರಡೇ ಬೀದಿ ಆಚೆ, ಆದರೂ ಒಂದೂವರೆ ತಿಂಗಳಾಗಿತ್ತು. ಹೆಂಡತಿ ಮಾತ್ರ ದಿನಾ ಹೋಗುತ್ತಾಳೆ, ತಲೆ ಬಾಚಿ ಬರುತ್ತಾಳೆ.

ಅಕ್ಕ ಮಂಚದ ಮೇಲೆ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಸೀರೆಯ ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎಡಗೈಯಿಂದ ಇನ್ನೊಂದು ತುದಿಯನ್ನು ತಂದು ಸೇರಿಸುತ್ತಿದ್ದಳು. ಒಂದು ಸೀರೆಗೆ ನಾಲ್ಕು ನಿಮಿಷ ಹಿಡಿಯಿತು. ಸಹಾಯಕ್ಕೆ ಕೈ ಚಾಚಿದೆ. ಬೇಡ ಎಂದು ತಲೆಯಾಡಿಸಿದಳು. ನೀನು ಅಷ್ಟು ಹೇಳದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದೆ.

"ನಿಂಗೋಸ್ಕರ ಅಂದ್ಕೊಂಡ್ಯಾ?" ಎಂದಳು. ದನಿ ಏರಲಿಲ್ಲ. "ಅಲ್ಲ ಕಣೋ. ನಮ್ಮಮ್ಮನ ಮಗ ಇಂಥವನು ಅಂತ ಹೊರಗಿನೋರಿಗೆ ಗೊತ್ತಾಗೋದು ಬೇಡ ಅಂತ ಹೇಳ್ದೆ. ಆ ಎಲೆಕ್ಟ್ರಿಷಿಯನ್‌ಗೆ ಎರಡು ಹೆಣ್ಣುಮಕ್ಕಳು. ಅವರ ಅನ್ನ ಕಿತ್ಕೊಂಡ ಪಾಪ ಇನ್ನು ನಂದೂ ಹೌದು."

ಅವಳು ಮಡಿಸಿದ ಸೀರೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡಳು.

"ನಿನ್ನ ಹೆಂಡ್ತಿ ಬರ್ಲಿ. ನೀನು ಇನ್ಮೇಲೆ ಬರ್ಬೇಡ."

ಜುಲೈ 21, ಸೋಮವಾರ

ರೋಬೋಗಳು ಬಂದವು. ನಾಲ್ಕು ದೊಡ್ಡ ಮರದ ಪೆಟ್ಟಿಗೆ.

ಇಳಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ಆರ್ಡರ್ ಕೊಟ್ಟ ತಾರೀಕು ಇತ್ತು. ಜನವರಿ 28. ಮೂರು ಸಲ ಓದಿದೆ. ಫೆಬ್ರವರಿ 3ಕ್ಕೆ ಮ್ಯಾನೇಜರು ನನ್ನನ್ನು ಕರೆದು ವಿಡಿಯೋ ತೋರಿಸಿದಾಗಲೇ ಇವು ಎಲ್ಲೋ ತಯಾರಾಗುತ್ತಿದ್ದವು.

ಚೀಟಿ ಹಿಡಿದುಕೊಂಡು ಅವರ ಕೋಣೆಗೆ ಹೋದೆ. ಅವರು ಮುಚ್ಚಿಡಲು ಹೋಗಲಿಲ್ಲ. ರೋಬೋ ಬರುವವರೆಗೂ ಮಾಲು ಜಾಸ್ತಿ ಬೇಕಿತ್ತು, ಅಷ್ಟೇ ಎಂದರು. "ನೀವು ಚೆನ್ನಾಗಿ ನಿಭಾಯಿಸಿದ್ರಿ. ಹೊಸ ವಿಭಾಗಕ್ಕೆ ನೀವೇ ಇನ್‌ಚಾರ್ಜ್."

ಸರಿ ಸಾರ್ ಎಂದೆ. ಬೇರೆ ಏನಾದರೂ ಹೇಳಬೇಕೆಂದೇ ಹೋಗಿದ್ದೆ.

ಆಗಸ್ಟ್ 1, ಶುಕ್ರವಾರ

ಮೂವತ್ತೊಂದು ಹೆಂಗಸರೂ ಗುರುತಿನ ಚೀಟಿಗಳನ್ನು ಗೇಟಿನಲ್ಲಿ ಒಪ್ಪಿಸಿ ಹೋದರು. ಎಣಿಸಿ ತೆಗೆದುಕೊಂಡವನು ನಾನು. ಅಕ್ಕನ ಪಕ್ಕದ ಯಂತ್ರದಲ್ಲಿದ್ದವಳು ಚೀಟಿ ಕೊಡುವಾಗ ನನ್ನ ಅಂಗೈ ತಾಗದ ಹಾಗೆ ಮೇಜಿನ ಮೇಲಿಟ್ಟಳು.

ಆಗಸ್ಟ್ 11, ಸೋಮವಾರ

ಹೊಸ ಸಾಲು ಓಡುತ್ತಿದೆ. ಒಂದೊಂದು ತೋಳಿನ ಸುತ್ತಲೂ ಆಳೆತ್ತರದ ಕಬ್ಬಿಣದ ಬೇಲಿ. ಬೇಲಿಯ ಬಾಗಿಲು ಒಂದು ಬೆರಳಷ್ಟು ತೆರೆದರೂ ಎಲ್ಲವೂ ತಟ್ಟನೆ ನಿಂತುಬಿಡುತ್ತದೆ. ಅದನ್ನು ತಪ್ಪಿಸಲು ಯಾರಿಗೂ ಆಗುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಒಳಗೆ ದೀಪವೂ ಬೇಕಿಲ್ಲ, ಅರ್ಧ ಆರಿಸಿದ್ದಾರೆ. ಕತ್ತರಿಸುವುದು, ತೂತು, ಬಗ್ಗಿಸುವುದು, ಪಿನ್ನು, ಆಮೇಲೆ ಒಂದು ಕ್ಯಾಮೆರಾ ನೋಡಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುತ್ತದೆ. ಇಡೀ ವಿಭಾಗಕ್ಕೆ ನಾನು ಮತ್ತು ಇನ್ನಿಬ್ಬರು.

ಅಭ್ಯಾಸ ಬಲ, ಅಳೆದೆ. ಒಂದು ಕೀಲಿಗೆ ಹನ್ನೆರಡು ಪಾಯಿಂಟ್ ಒಂದು.

ಮತ್ತೆ ಅಳೆದೆ. ಅಷ್ಟೇ. ಆಪರೇಟರ್‌ಗಿಂತ ನಿಧಾನ. ಮ್ಯಾನೇಜರಿಗೆ ಹೇಳಿದೆ. ಪರವಾಗಿಲ್ಲ, ಇದು ನಿಲ್ಲೋದಿಲ್ಲವಲ್ಲ ಎಂದರು.

ಆಗಸ್ಟ್ 23, ಶನಿವಾರ

ಮಿಕ್ಸಿ ಕೆಟ್ಟಿತ್ತು. ಹೆಂಡತಿ ಮಾರುಕಟ್ಟೆಯ ಹಿಂದಿನ ರಿಪೇರಿ ಅಂಗಡಿಗೆ ಕೊಟ್ಟು ಬನ್ನಿ ಎಂದಳು. ಈಚೆಗೆ ಇಂಥ ಕೆಲಸ ಇದ್ದರಷ್ಟೇ ಮಾತು. ಹೋದರೆ ಅಂಗಡಿಯ ಮೂಲೆಯಲ್ಲಿ ಕೂತು ಫ್ಯಾನು ಬಿಚ್ಚುತ್ತಿದ್ದವನು ನಮ್ಮ ಎಲೆಕ್ಟ್ರಿಷಿಯನ್. ವಾಪಸು ಹೊರಡೋಣ ಎಂದುಕೊಳ್ಳುವಷ್ಟರಲ್ಲಿ ತಲೆಯೆತ್ತಿದ. ಬೈಯುತ್ತಾನೆ ಎಂದು ಮೈ ಬಿಗಿಹಿಡಿದು ನಿಂತೆ. ಬೈಯಲಿಲ್ಲ. ಮಿಕ್ಸಿ ಇಸಿದುಕೊಂಡು ತಿರುಗಿಸಿ ನೋಡಿದ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಅಕ್ಕ ಹೇಗಿದ್ದಾರೆ ಸಾರ್?" ಎಂದ. "ಆ ತಂತಿ ಸಿಕ್ಸಿದ ಕೈ ನಂದೇ ಅಲ್ವಾ. ದಿನಾ ನೆನಪಾಗುತ್ತೆ."

"ಆಪರೇಟರ್ ಈಗ ಪರವಾಗಿಲ್ಲ" ಎಂದೆ. "ಗಾಯ ಪೂರ್ತಿ ಮಾಗಿದೆ."

ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ಹಿಂದೆ ಪೆಟ್ಟಿಗೆ ತೆರೆಯುವ ಮುಂಚೆ ನೋಡಿದ ನೋಟವಲ್ಲ, ಬೇರೆ. ಕಾಯಿಲೆ ಬಿದ್ದವರನ್ನು ನೋಡುವ ಹಾಗೆ. ಆಮೇಲೆ ಮಿಕ್ಸಿಯನ್ನು ಮೆಲ್ಲನೆ ಒಳಗೆ ತೆಗೆದಿಟ್ಟು, ಮಂಗಳವಾರ ಬನ್ನಿ ಎಂದ.

ಯಾಕೆ ಹಾಗೆ ನೋಡಿದನೋ ಗೊತ್ತಾಗಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದೆ, ಅಷ್ಟೇ.